ನೆಲಮಾಳಿಗೆಯ ತೇವ ಮತ್ತು ಶ್ರುತರಕ್ಷಣೆ

ಗ್ರಂಥವನ್ನು ಬರೆದು ಮುಗಿಸಿದ ಲಿಪಿಕಾರನು ಕೊನೆಯ ಓಲೆಯಲ್ಲಿ ತನ್ನ ಬೆನ್ನು, ಕೊರಳು, ಕಣ್ಣುಗಳ ಶ್ರಮವನ್ನು ನಿವೇದಿಸಿ, ಬಳಿಕ ಗ್ರಂಥವನ್ನು ನೀರಿನಿಂದಲೂ ಎಣ್ಣೆಯಿಂದಲೂ ಸಡಿಲವಾದ ಕಟ್ಟಿನಿಂದಲೂ ಕಾಪಾಡಬೇಕೆಂದು ಬೇಡಿಕೊಳ್ಳುವ ಪದ್ಧತಿ ಹಸ್ತಪ್ರತಿಗಳ ಪರಿಚಯವುಳ್ಳ ವಿದ್ವಜ್ಜನರಿಗೆ ವಿದಿತವೇ ಆಗಿದೆ. ಈ ಬೇಡಿಕೆಯಲ್ಲಿ ಬರುವ ನೀರು ಎಂದರೆ ನಮಗೆ ಒಡನೆ ನೆನಪಾಗುವುದು ಹೊಳೆಯ ನೆರೆ, ಸೋರುವ ಮಾಡು, ಕೈತಪ್ಪಿ ಚೆಲ್ಲಿದ ಚೆಂಬು. ಆದರೆ ಮೂವತ್ತು ವರ್ಷಗಳಿಂದ ಬಸದಿ, ಮಠ ಮತ್ತು ಶ್ರಾವಕರ ಮನೆಗಳಲ್ಲಿ ಕಟ್ಟುಗಳನ್ನು ಬಿಚ್ಚಿ ನೋಡಿದ ನನ್ನ ಅನುಭವದಲ್ಲಿ, ಕಣ್ಣಿಗೆ ಕಾಣುವ ನೀರಿಗಿಂತ ಕಾಣದಿರುವ ತೇವವೇ ಹೆಚ್ಚು ಓಲೆಗಳನ್ನು ನುಂಗಿದೆ. ಕರಾವಳಿಯ ಶ್ರಾವಕರಲ್ಲಿ ಕೆಲವರು ಹಳೆಯ ಬೀಡುಗಳನ್ನು ಬಿಟ್ಟು ಹೊಸ ಮನೆ ಕಟ್ಟಿಸುವಾಗ ಕೆಳಗೊಂದು ನೆಲಮಾಳಿಗೆಯನ್ನೂ ಮಾಡಿಸಿ, ಮನೆತನದ ಗ್ರಂಥಗಳನ್ನು ಅಲ್ಲಿಗೆ ಇಳಿಸುತ್ತಿರುವುದರಿಂದ ಈ ವಿಷಯವನ್ನು ಕುರಿತು ಸ್ವಲ್ಪ ವಿಸ್ತಾರವಾಗಿ ಬರೆಯುವುದು ಅವಶ್ಯವೆಂದು ತೋರಿದೆ.

ನೆಲದಡಿಯಲ್ಲಿ ಗ್ರಂಥಗಳನ್ನಿಡುವುದು ಹೊಸತೇನೂ ಅಲ್ಲ. ರಾಜಸ್ಥಾನದ ಜೈಸಲ್ಮೇರ್ ಕೋಟೆಯೊಳಗೆ ಸಂಭವನಾಥ ಜಿನಾಲಯದ ನೆಲಮಾಳಿಗೆಯಲ್ಲಿ ಜಿನಭದ್ರಸೂರಿಗಳ ಹೆಸರಿನ ಜ್ಞಾನಭಂಡಾರವು ಹದಿನೈದನೆಯ ಶತಮಾನದಿಂದ ಪ್ರಸಿದ್ಧವಾಗಿದೆ. ೧೮೭೪ರಲ್ಲಿ ಬ್ಯೂಲರ್ ಮತ್ತು ಯಾಕೋಬಿ ಅಲ್ಲಿಗೆ ಹೋಗಿ ಓಲೆಗಳನ್ನು ನೋಡಿ ಬೆರಗಾದರು. ಮುನಿ ಪುಣ್ಯವಿಜಯಜಿಯವರು ೧೯೫೦ರ ಸುಮಾರಿನಲ್ಲಿ ಅಲ್ಲಿ ನಿಂತು ಭಂಡಾರವನ್ನು ವ್ಯವಸ್ಥೆಗೊಳಿಸಿದರು. ಅವರ ಸೂಚಿಯು ೧೯೭೨ರಲ್ಲಿ ಪ್ರಕಟವಾಯಿತು. ನಮ್ಮ ನಾಡಿನ ಸದಲಗಾದವರಾದ ಡಾ. ಆ. ನೇ. ಉಪಾಧ್ಯೆಯವರು ಉದ್ಯೋತನಸೂರಿಯ ಕುವಲಯಮಾಲೆಯನ್ನು ಸಂಪಾದಿಸುವಾಗ ಆಧಾರವಾಗಿಟ್ಟುಕೊಂಡ ಪ್ರತಿಗಳಲ್ಲಿ ಜೈಸಲ್ಮೇರಿನ ತಾಡಪತ್ರ ಪ್ರತಿಯೂ ಒಂದು. ಅದರ ಕಾಲ ವಿಕ್ರಮ ಸಂವತ್ ೧೧೩೯. ಒಂಬೈನೂರು ವರ್ಷಗಳಿಗೂ ಮಿಕ್ಕಿದ ಓಲೆಯೊಂದು, ಅದೂ ಕಂಟದಿಂದ ಕೊರೆದದ್ದಲ್ಲ, ಉತ್ತರದೇಶದ ರೂಢಿಯಂತೆ ಮಸಿಯಿಂದ ಬರೆದದ್ದು, ಅಕ್ಷರ ಮಾಸದೆ ಉಳಿದು ಸಂಪಾದಕನ ಕೈಸೇರಿತೆಂದರೆ ಅದಕ್ಕೆ ಮುಖ್ಯ ಕಾರಣ ಶುಷ್ಕತೆಯೇ.

ಆ ಶುಷ್ಕತೆಯನ್ನು ಕೊಟ್ಟದ್ದು ನೆಲಮಾಳಿಗೆಯಲ್ಲ, ಅಲ್ಲಿಯ ದೇಶ. ಜೈಸಲ್ಮೇರಿನಲ್ಲಿ ವರ್ಷವಿಡೀ ಬೀಳುವ ಮಳೆ ಸುಮಾರು ೨೦೦ ಮಿಲಿಮೀಟರ್. ದಕ್ಷಿಣ ಕನ್ನಡದಲ್ಲಿ ಸುಮಾರು ೪೦೦೦. ಅಲ್ಲಿ ನೆಲದಡಿಗೆ ಇಳಿದರೆ ಹಗಲಿನ ಉರಿಯೂ ಇರುಳಿನ ಚಳಿಯೂ ತಟ್ಟದ ಒಂದೇ ಸಮನಾದ ಒಣ ವಾತಾವರಣ ದೊರೆಯುತ್ತದೆ. ಇಲ್ಲಿ ನೆಲದಡಿಗೆ ಇಳಿದರೆ ದೊರೆಯುವುದು ಒರತೆ. ನಮ್ಮ ಹಿರಿಯರು ಇದನ್ನು ಚೆನ್ನಾಗಿ ಬಲ್ಲವರಾಗಿದ್ದರು. ಕರಾವಳಿಯ ಹಳೆಯ ಮನೆಗಳಲ್ಲಿ ಓಲೆಯ ಕಟ್ಟುಗಳು ಅಟ್ಟದ ಮೇಲೆ, ಹಲವೆಡೆ ಒಲೆಯ ಹೊಗೆ ಹಾಯುವ ಸ್ಥಳದಲ್ಲಿ ಇರುತ್ತಿದ್ದವು. ಹೊಗೆಯಿಂದ ಓಲೆ ಕಪ್ಪಾಗುತ್ತದೆಂದು ಮೂಗುಮುರಿದ ಆಧುನಿಕರಲ್ಲಿ ನಾನೂ ಒಬ್ಬನಾಗಿದ್ದೆ. ಆದರೆ ಆ ಕಪ್ಪು ಓಲೆಗಳನ್ನು ಇಂದಿಗೂ ಓದಬಹುದಾಗಿದೆ.

ಇನ್ನೊಂದು ಸಂಗತಿಯನ್ನೂ ಹೇಳಬೇಕು. ೧೧೫೬ರಲ್ಲಿ ರಾವಲ ಜೈಸಲನು ಕಟ್ಟಿಸಿದ ಆ ಕೋಟೆಯೇ ಈಗ ನೀರಿನ ತೊಂದರೆಗೆ ಒಳಗಾಗಿದೆ. ಬಾವಿಯಿಂದಲೂ ಕೆರೆಯಿಂದಲೂ ಕೊಡದಲ್ಲಿ ನೀರು ಹೊತ್ತು ತರುತ್ತಿದ್ದ ಕಾಲದಲ್ಲಿ ಬಳಕೆಯ ನೀರು ಅತ್ಯಲ್ಪವಾಗಿತ್ತು. ಹಳೆಯ ಚರಂಡಿಗಳು ಅದನ್ನು ತಾಳಿಕೊಂಡವು. ಇಪ್ಪತ್ತನೆಯ ಶತಮಾನದಲ್ಲಿ ಕೊಳವೆಯ ನೀರು ಬಂದು, ವಸತಿಗೃಹಗಳೂ ಸ್ನಾನಗೃಹಗಳೂ ಹೆಚ್ಚಿದ ಮೇಲೆ, ಸೋರಿದ ನೀರು ಗುಡ್ಡದೊಳಗಿನ ಜೇಡಿಯ ಪದರಕ್ಕೆ ಇಳಿದು, ಅಡಿಪಾಯವು ಸಡಿಲಗೊಂಡು, ಕೊತ್ತಲಗಳೂ ಮನೆಗಳೂ ಕುಸಿದವು. ೧೯೯೬ರಲ್ಲಿ ವಿಶ್ವ ಸ್ಮಾರಕ ನಿಧಿಯು ಅಪಾಯದಲ್ಲಿರುವ ಸ್ಮಾರಕಗಳ ತನ್ನ ಪಟ್ಟಿಯಲ್ಲಿ ಈ ಕೋಟೆಯನ್ನು ಸೇರಿಸಿತು. ೨೦೧೩ರಲ್ಲಿ ರಾಜಸ್ಥಾನದ ಇತರ ಗಿರಿದುರ್ಗಗಳೊಡನೆ ಅದು ವಿಶ್ವಪರಂಪರೆಯ ತಾಣವೂ ಆಯಿತು. ಮರುಭೂಮಿಯಲ್ಲಿಯೂ ನೆಲದಡಿಯ ಶುಷ್ಕತೆಯನ್ನು ಮನುಷ್ಯನ ಬಚ್ಚಲು ಕೆಡಿಸಬಲ್ಲುದೆಂದ ಮೇಲೆ ಸಹ್ಯಾದ್ರಿಯ ತಪ್ಪಲಿನ ಮಾತೇನು?

ಈ ಎಚ್ಚರವನ್ನು ನಾನು ಕಲಿತದ್ದು ತಡವಾಗಿ. ಜೈಸಲ್ಮೇರಿನ ಭಂಡಾರವನ್ನು ನೋಡಿ ಬಂದ ಉತ್ಸಾಹದಲ್ಲಿ, ಆಗ ಮನೆ ಕಟ್ಟಿಸುತ್ತಿದ್ದ ಶ್ರಾವಕ ಮಿತ್ರರೊಬ್ಬರಿಗೆ, ಮನೆತನದ ಐವತ್ತೆರಡು ಕಟ್ಟುಗಳಿಗಾಗಿ ನೆಲಮಾಳಿಗೆಯನ್ನು ಮಾಡಿಸಿರೆಂದು ಸಲಹೆಯಿತ್ತವನು ನಾನೇ. ಅವರು ನನ್ನ ಮಾತಿನಲ್ಲಿ ವಿಶ್ವಾಸವಿಟ್ಟು ಎಂಟು ಅಡಿ ಆಳದ ಕೋಣೆಯನ್ನು ಸಿಮೆಂಟಿನಿಂದ ಮಾಡಿಸಿ, ಕಬ್ಬಿಣದ ಕಪಾಟುಗಳನ್ನು ತರಿಸಿ, ಶುಭಮುಹೂರ್ತದಲ್ಲಿ ಗ್ರಂಥಗಳನ್ನು ಇಳಿಸಿದರು. ಗಾಳಿಯಾಡಲಿ ಎಂದು ಪ್ರತಿದಿನವೂ ಕಿಟಕಿಯನ್ನು ತೆರೆದಿಡುವಂತೆ ಹೇಳಿದವನೂ ನಾನೇ. ಎರಡನೆಯ ಮಳೆಗಾಲದ ಕೊನೆಯಲ್ಲಿ ಅವರು ನನ್ನನ್ನು ಕರೆಸಿದರು. ಕಪಾಟಿನ ಹಿಂಬದಿಯ ಗೋಡೆ ಒದ್ದೆಯಾಗಿತ್ತು. ಕಬ್ಬಿಣದ ಹಲಗೆಯ ಮೇಲೆ ಹನಿಗಳಿದ್ದವು. ಮೂರು ಕಟ್ಟುಗಳ ಮೇಲೆ ಬೂಷ್ಟು ಬೆಳೆದಿತ್ತು. ಒಂದು ವ್ಯಾಕರಣ ಟೀಕೆಯ ಪ್ರತಿಯಲ್ಲಿ ಹನ್ನೊಂದು ಓಲೆಗಳು ಒಂದಕ್ಕೊಂದು ಅಂಟಿಕೊಂಡು ಒಂದೇ ಹಲಗೆಯಂತಾಗಿದ್ದವು. ಮಿತ್ರರು ನನ್ನನ್ನು ದೂರಲಿಲ್ಲ. “ಪಂಡಿತರೇ, ಇದಕ್ಕೇನು ಮಾಡೋಣ?” ಎಂದಷ್ಟೇ ಕೇಳಿದರು.

ಗೋಡೆ ಸೋರುತ್ತಿದೆಯೆಂದು ಭಾವಿಸಿ ಅವರು ಆ ಮೊದಲೇ ಒಳಗಡೆ ಮತ್ತೊಂದು ಪದರ ಸಿಮೆಂಟು ಬಳಿಸಿದ್ದರು. ಪ್ರಯೋಜನವಾಗಿರಲಿಲ್ಲ. ರೋಗನಿದಾನವಿಲ್ಲದೆ ಮಾಡಿದ ಚಿಕಿತ್ಸೆ ಅದು. ನೆಲಮಾಳಿಗೆಗೆ ತೇವವು ಬರುವ ಮಾರ್ಗಗಳು ಮೂರು. ಮೂರಕ್ಕೂ ಪರಿಹಾರ ಬೇರೆ ಬೇರೆ. ಒಂದರ ಪರಿಹಾರವು ಇನ್ನೊಂದನ್ನು ಹೆಚ್ಚಿಸುವುದೂ ಉಂಟು.

ಮೊದಲನೆಯದು, ಮಳೆಯ ನೀರು ಮತ್ತು ಒರತೆ ನೇರವಾಗಿ ನುಗ್ಗುವುದು. ಒಂದು ಸಾವಿರ ಚದರಡಿಯ ಮಾಡಿನ ಮೇಲೆ ಒಂದು ದಿನ ೧೦೦ ಮಿಲಿಮೀಟರ್ ಮಳೆ ಬಿದ್ದರೆ, ಅದು ಕರಾವಳಿಯಲ್ಲಿ ಅಪರೂಪವೇನಲ್ಲ, ಸೂರಿನಿಂದ ಇಳಿಯುವ ನೀರು ಸುಮಾರು ೯೩೦೦ ಲೀಟರ್. ಇದಿಷ್ಟೂ ಗೋಡೆಯ ಬುಡದಲ್ಲಿಯೇ ಬಿದ್ದರೆ ಎಲ್ಲಿಗೆ ಹೋಗಬೇಕು? ಒರತೆಯ ವಿಚಾರದಲ್ಲಿ ಮನೆಯ ಬಾವಿಯೇ ಪ್ರಮಾಣ. ಆಷಾಢ, ಶ್ರಾವಣಗಳಲ್ಲಿ ಬಾವಿಗೆ ಹಗ್ಗ ಇಳಿಸಿ ನೀರು ನೆಲಮಟ್ಟದಿಂದ ಎಷ್ಟು ಅಡಿ ಕೆಳಗಿದೆಯೆಂದು ಅಳೆದು ನೋಡಬೇಕು. ನೀರು ಐದು ಅಡಿಯಲ್ಲಿದ್ದು ನೆಲಮಾಳಿಗೆಯ ತಳ ಎಂಟು ಅಡಿಯಲ್ಲಿದ್ದರೆ, ಆ ತಿಂಗಳುಗಳಲ್ಲಿ ಅದು ಮುಚ್ಚಿದ ಬಾವಿಯೇ ಸರಿ. ಮೂರು ಅಡಿ ನೀರು ತಳದ ಪ್ರತಿಯೊಂದು ಚದರ ಮೀಟರನ್ನು ಸುಮಾರು ೯೦೦ ಕಿಲೋಗ್ರಾಂ ಭಾರದಷ್ಟು ಬಲದಿಂದ ಮೇಲಕ್ಕೆ ಒತ್ತುತ್ತದೆ. ಒಳಗಿನಿಂದ ಬಳಿದ ಲೇಪವು ಈ ಒತ್ತಡಕ್ಕೆ ಹಪ್ಪಳದಂತೆ ಎದ್ದು ಬರುವುದು ಸಹಜವೇ. ಇಂತಹ ಸ್ಥಳದಲ್ಲಿ ಗ್ರಂಥಕ್ಕಾಗಿ ನೆಲಮಾಳಿಗೆಯನ್ನು ತೋಡಲೇಬಾರದೆಂದು ನನ್ನ ಅಭಿಪ್ರಾಯ. ನನ್ನ ಮಿತ್ರರ ಬಾವಿಯಲ್ಲಿ ನೀರು ಹದಿನಾಲ್ಕು ಅಡಿಯ ಕೆಳಗಿತ್ತು. ಆದ್ದರಿಂದ ಒರತೆಯ ಶಂಕೆಯು ನಿರಸ್ತವಾಯಿತು.

ಎರಡನೆಯದು, ಕಲ್ಲು ಮಣ್ಣುಗಳ ಸೂಕ್ಷ್ಮರಂಧ್ರಗಳ ಮೂಲಕ, ದೀಪದ ಬತ್ತಿಯಲ್ಲಿ ಎಣ್ಣೆ ಏರುವಂತೆ, ತೇವವು ಏರುವುದು. ನಮ್ಮ ಮುರಕಲ್ಲು ಇದಕ್ಕೆ ಬಹಳ ಅನುಕೂಲವಾದ ಕಲ್ಲು. ಏರಿದ ನೀರು ಗೋಡೆಯ ಮೈಯಲ್ಲಿ ಆರುವಾಗ ತನ್ನೊಡನೆ ತಂದ ಲವಣವನ್ನು ಅಲ್ಲಿಯೇ ಬಿಡುತ್ತದೆ; ಬಿಳಿಯ ಹುಡಿಯಂತೆ ಕಾಣುವುದು ಅದೇ. ಹಳೆಯ ಸುಣ್ಣದ ಗಾರೆಯು ನೀರನ್ನು ಆರಗೊಡುತ್ತಿತ್ತು. ಅದರ ಮೇಲೆ ಸಿಮೆಂಟನ್ನು ಬಳಿದರೆ ನೀರಿಗೆ ಹೊರಹೋಗಲು ದಾರಿಯಿಲ್ಲದೆ ಇನ್ನೂ ಮೇಲಕ್ಕೆ ಏರುತ್ತದೆ. ಎರಡು ಅಡಿಯಲ್ಲಿ ನಿಲ್ಲುತ್ತಿದ್ದ ಕಲೆಯು ನಾಲ್ಕು ಅಡಿಗೆ ಬರುತ್ತದೆ. ಎಷ್ಟೋ ಪ್ರಾಚೀನ ಬಸದಿಗಳ ಜೀರ್ಣೋದ್ಧಾರದಲ್ಲಿ ಭಕ್ತಿಯಿಂದಲೇ ಈ ತಪ್ಪನ್ನು ಎಸಗಲಾಗಿದೆ. ಹಳೆಯ ಗೋಡೆಗೆ ಸುಣ್ಣವೇ ತಕ್ಕದ್ದು. ಹೊಸ ಗೋಡೆಯಾದರೆ ಅಡಿಪಾಯದ ಮೇಲೆ ನೀರು ಏರದಂತೆ ತಡೆಯುವ ಪದರವನ್ನು ಕಟ್ಟುವಾಗಲೇ ಹಾಕಬೇಕು. ಆಮೇಲೆ ಹಾಕುವುದು ಕಷ್ಟಸಾಧ್ಯ.

ಮೂರನೆಯ ಮಾರ್ಗವೇ ಅತ್ಯಂತ ಮೋಸಕರವಾದದ್ದು, ಏಕೆಂದರೆ ಅಲ್ಲಿ ನೀರು ಮಣ್ಣಿನಿಂದ ಬರುವುದಿಲ್ಲ, ಗಾಳಿಯಿಂದ ಬರುತ್ತದೆ. ತಣ್ಣೀರು ತುಂಬಿದ ಹಿತ್ತಾಳೆಯ ಚೆಂಬಿನ ಹೊರಮೈ ಮಳೆಗಾಲದಲ್ಲಿ ಬೆವರುವುದನ್ನು ಎಲ್ಲರೂ ಕಂಡಿದ್ದಾರೆ. ಚೆಂಬು ಸೋರುತ್ತಿದೆಯೆಂದು ಯಾರೂ ಹೇಳುವುದಿಲ್ಲ. ನೆಲಮಾಳಿಗೆಯ ಗೋಡೆಯು ಮಣ್ಣಿನ ತಂಪಿನಿಂದ ಅಂತಹದೇ ಒಂದು ಚೆಂಬು. ಹೊರಗಿನ ಗಾಳಿಯ ಉಷ್ಣತೆ ೩೦ ಡಿಗ್ರಿ, ಸಾಪೇಕ್ಷ ಆರ್ದ್ರತೆ ಶೇಕಡಾ ೮೫ ಇದ್ದಾಗ, ಆ ಗಾಳಿಯು ಸುಮಾರು ೨೭ ಡಿಗ್ರಿಗೆ ತಣಿದೊಡನೆ ತನ್ನ ನೀರನ್ನು ಹನಿಯಾಗಿ ಬಿಡತೊಡಗುತ್ತದೆ. ಗೋಡೆಯು ೨೬ ಡಿಗ್ರಿ ಇದ್ದರೆ ಕಿಟಕಿಯನ್ನು ತೆರೆದಷ್ಟೂ ಗೋಡೆ ಬೆವರುತ್ತದೆ. ಆದುದರಿಂದ ಮಳೆಗಾಲದಲ್ಲಿ ನೆಲಮಾಳಿಗೆಗೆ ಗಾಳಿಯಾಡಿಸುವುದೆಂದರೆ ಅದಕ್ಕೆ ನೀರು ತುಂಬಿಸುವುದೆಂದೇ ಅರ್ಥ. ನನ್ನ ಸಲಹೆಯು ಮಾಡಿದ್ದು ಇದನ್ನೇ.

ಸೋರುವಿಕೆಯನ್ನೂ ಬೆವರುವಿಕೆಯನ್ನೂ ಬೇರ್ಪಡಿಸುವ ಪರೀಕ್ಷೆ ಸುಲಭವಾದದ್ದು. ಒಂದು ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗಿಟ್ಟು ನಾಲ್ಕು ಅಂಚುಗಳನ್ನೂ ಗಾಳಿ ಹೋಗದಂತೆ ಅಂಟುಪಟ್ಟಿಯಿಂದ ಮುಚ್ಚಿ ಎರಡು ದಿನ ಬಿಡಬೇಕು. ಹಾಳೆಯ ಒಳಮೈಯಲ್ಲಿ, ಎಂದರೆ ಗೋಡೆಯ ಕಡೆಗೆ, ನೀರು ಕಂಡರೆ ಅದು ಮಣ್ಣಿನಿಂದ ಬಂದದ್ದು. ಕೋಣೆಯ ಕಡೆಯ ಮೈಯಲ್ಲಿ ಕಂಡರೆ ಗಾಳಿಯಿಂದ ಬಂದದ್ದು. ಎರಡೂ ಕಡೆ ಕಂಡರೆ ಎರಡು ದೋಷಗಳೂ ಇವೆಯೆಂದು ತಿಳಿಯಬೇಕು. ಮಿತ್ರರ ಮನೆಯಲ್ಲಿ ಮೂರು ಗೋಡೆಗಳ ಹಾಳೆಗಳು ಕೋಣೆಯ ಕಡೆಯೇ ಬೆವೆತವು. ಪಶ್ಚಿಮದ ಗೋಡೆಯಲ್ಲಿ ಮಾತ್ರ ಎರಡು ಕಡೆಯೂ ನೀರಿತ್ತು; ಹೊರಗೆ ಹೋಗಿ ನೋಡಿದರೆ ಮಾಡಿನ ದಂಬೆಯೊಂದು ಮುರಿದು ಸರಿಯಾಗಿ ಆ ಗೋಡೆಯ ಬುಡಕ್ಕೇ ಸುರಿಯುತ್ತಿತ್ತು.

ಪರಿಹಾರವನ್ನು ಯಾವಾಗಲೂ ಹೊರಗಿನಿಂದ ಆರಂಭಿಸಬೇಕು. ದಂಬೆಯನ್ನು ಸರಿಪಡಿಸಿ, ನೀರನ್ನು ಕೊಳವೆಯಿಂದ ಗೋಡೆಗೆ ಕಡಮೆಯೆಂದರೆ ಆರು ಅಡಿ ದೂರ ಒಯ್ದು ತೋಡಿಗೆ ಬಿಡಬೇಕು. ಮನೆಯ ಸುತ್ತಲಿನ ನೆಲವು ಗೋಡೆಯಿಂದ ಹೊರಕ್ಕೆ ಇಳಿಜಾರಾಗಿರಬೇಕು. ಮೊದಲ ಹತ್ತು ಅಡಿಗಳಲ್ಲಿ ಆರು ಅಂಗುಲದ ಇಳಿತವಿದ್ದರೆ ಸಾಕು. ಅಂದಕ್ಕಾಗಿ ಗೋಡೆಗೆ ಒತ್ತಿ ಹೂದೋಟವನ್ನು ಮಾಡಿ ದಿನವೂ ನೀರೆರೆಯುವವರು ಗೋಡೆಗೂ ಎರೆಯುತ್ತಿದ್ದಾರೆ. ಬಚ್ಚಲು, ನೀರಿನ ತೊಟ್ಟಿ, ಶೌಚದ ಗುಂಡಿಗಳು ನೆಲಮಾಳಿಗೆಯ ಮೇಲೂ ಪಕ್ಕದಲ್ಲೂ ಇರಕೂಡದು. ಜೈಸಲ್ಮೇರಿನ ಪಾಠವೇ ಇದು. ಇಷ್ಟಾದರೂ ನೀರು ಬರುವುದಾದರೆ ಗೋಡೆಯ ಹೊರಗೆ ನೆಲಮಾಳಿಗೆಯ ತಳಕ್ಕಿಂತ ಕೆಳಮಟ್ಟದವರೆಗೆ ಅಗೆದು, ರಂಧ್ರಗಳುಳ್ಳ ಕೊಳವೆಯನ್ನಿಟ್ಟು ಜಲ್ಲಿ ತುಂಬಿ, ನೀರನ್ನು ತಗ್ಗಿನ ಕಡೆಗೆ ಹರಿಸಬೇಕು; ಅಗೆದಾಗಲೇ ಗೋಡೆಯ ಹೊರಮೈಗೆ ಜಲರೋಧಕ ಲೇಪವನ್ನು ಕೊಡಬೇಕು. ಹೊರಗಿನ ಲೇಪವನ್ನು ನೀರೇ ಗೋಡೆಗೆ ಒತ್ತಿ ಹಿಡಿಯುತ್ತದೆ; ಒಳಗಿನ ಲೇಪವನ್ನು ನೀರೇ ತಳ್ಳಿ ಕೆಡಹುತ್ತದೆ. ವೆಚ್ಚದ ಕೆಲಸವೆಂಬುದು ನಿಜ.

ಇನ್ನು ಒಳಗಿನ ವ್ಯವಸ್ಥೆ. ಶೇಕಡಾ ೬೫ರಿಂದ ೭೦ರ ಮೇಲೆ ಆರ್ದ್ರತೆಯು ಬಹುದಿನ ನಿಂತರೆ ಬೂಷ್ಟು ಹುಟ್ಟುತ್ತದೆ. ೫೦ರಿಂದ ೬೦ರ ನಡುವೆ, ಹೆಚ್ಚು ಏರಿಳಿತವಿಲ್ಲದೆ ಇದ್ದರೆ ಓಲೆಗೂ ಕಾಗದಕ್ಕೂ ಕ್ಷೇಮ. ಆರ್ದ್ರತಾಮಾಪಕವು ಈಗ ಅಲ್ಪ ಬೆಲೆಗೆ ದೊರೆಯುತ್ತದೆ. ಗ್ರಂಥವಿರುವ ಪ್ರತಿಯೊಂದು ಕೋಣೆಯಲ್ಲಿಯೂ ಅದು ಇರಲೇಬೇಕು. ಮಳೆಗಾಲದಲ್ಲಿ ಕಿಟಕಿಗಳನ್ನು ಮುಚ್ಚಿ, ಗಾಳಿಯ ತೇವವನ್ನು ಹೀರುವ ವಿದ್ಯುದ್ಯಂತ್ರವನ್ನು ನಡೆಸಬಹುದು. ಅದರ ನೀರನ್ನು ನಿತ್ಯವೂ ಚೆಲ್ಲುವವರಿರಬೇಕು. ವಿದ್ಯುತ್ತು ನಿಂತ ದಿನ ಯಂತ್ರವೂ ನಿಲ್ಲುತ್ತದೆಂಬುದನ್ನು ಮರೆಯಬಾರದು. ಕಪಾಟುಗಳು ನೆಲದಿಂದ ಆರು ಅಂಗುಲ ಮೇಲೆ, ಗೋಡೆಯಿಂದ ನಾಲ್ಕೈದು ಅಂಗುಲ ದೂರ ಇರಬೇಕು. ಕಬ್ಬಿಣದ ಕಪಾಟು ಬೇಗ ತಣಿದು ಬೆವರುತ್ತದೆ. ಮರದ ಪೆಟ್ಟಿಗೆಯು ಸ್ವಲ್ಪ ತೇವವನ್ನು ತಾನೇ ಹೀರಿಕೊಂಡು ಒಣಗಾಲದಲ್ಲಿ ಬಿಡುತ್ತದೆ. ಓಲೆಯ ಎರಡು ಬದಿಯ ಹಲಗೆಯೂ ಸುತ್ತಿದ ಬಟ್ಟೆಯೂ ಮಾಡುವ ಕೆಲಸ ಇದೇ. ಕಟ್ಟು ಬಿಗಿಯಾಗಿರಬೇಕೆಂದು ಲಿಪಿಕಾರರು ಹೇಳಿದ್ದರ ಮರ್ಮವೂ ಇಲ್ಲಿದೆ: ಸಡಿಲವಾದ ಕಟ್ಟಿನಲ್ಲಿ ಓಲೆಗಳ ನಡುವೆ ಒದ್ದೆ ಗಾಳಿಯೂ ಹುಳುವೂ ಸಮಾನವಾಗಿ ಪ್ರವೇಶಿಸುತ್ತವೆ.

ಹುಳುವಿನ ಮಾತು ಬಂದುದರಿಂದ ನಮ್ಮ ವಾಚಕರಿಗೆ ವಿಶೇಷವಾಗಿ ಸಂಬಂಧಿಸಿದ ಒಂದು ಅಂಶವನ್ನು ವಿವೇಚಿಸಬೇಕಾಗಿದೆ. ಗೆದ್ದಲು ಮೊದಲಾದವು ತ್ರೀಂದ್ರಿಯ ಜೀವಗಳು. ಅವುಗಳದು ಸಮ್ಮೂರ್ಛನ ಜನ್ಮ. ವಟ್ಟಕೇರರ ಮೂಲಾಚಾರದಲ್ಲಿ ಶೈವಾಲ, ಪನಕ ಮುಂತಾದವು ವನಸ್ಪತಿಕಾಯದ ಜೀವಗಳಲ್ಲಿ ಎಣಿಸಲ್ಪಟ್ಟಿರುವುದರಿಂದ ಬೂಷ್ಟು ಕೂಡ ಕೇವಲ ಕೊಳೆಯಲ್ಲ. ಹುಳುವಾದ ಮೇಲೆ ವಿಷಧೂಮವನ್ನು ಹಾಕಿಸುವುದೋ ಬೇಡವೋ ಎಂಬ ಚರ್ಚೆಯಲ್ಲಿ ವ್ರತಿಕರು ಶ್ರುತದ ನಾಶ ಮತ್ತು ಜೀವದ ನಾಶ ಎಂಬ ಎರಡರ ನಡುವೆ ಸಿಕ್ಕಿ ಮೌನವಾಗುವುದನ್ನು ನಾನು ಹಲವು ಸಲ ಕಂಡಿದ್ದೇನೆ. ಆ ಮೌನದಲ್ಲಿಯೇ ಕಟ್ಟುಗಳು ಹುಡಿಯಾದದ್ದೂ ಉಂಟು. ಆದರೆ ಈ ಸಂಕಟವು ಎರಡನೆಯ ಹೆಜ್ಜೆಯದು. ಮೊದಲ ಹೆಜ್ಜೆಯಲ್ಲಿ, ಎಂದರೆ ತೇವವಿಲ್ಲದಂತೆ ನೋಡಿಕೊಳ್ಳುವುದರಲ್ಲಿ, ಅಂತಹ ಸಂಕಟವಿಲ್ಲ. ಜೀವೋತ್ಪತ್ತಿಗೆ ಯೋನಿಭೂತವಾದ ಸ್ಥಾನವನ್ನೇ ಉಂಟುಮಾಡದಿರುವುದು ಯತ್ನಾಚಾರವೇ ಆಗಿದೆ. ಆದಾನನಿಕ್ಷೇಪಣ ಸಮಿತಿಯಲ್ಲಿ ಜ್ಞಾನೋಪಕರಣವನ್ನು ನೋಡಿ ತೆಗೆಯಬೇಕು, ನೋಡಿ ಇಡಬೇಕು ಎಂದು ವಿಧಿಸಿರುವಾಗ, ಇಡುವ ಸ್ಥಳವು ಒಣಗಿದೆಯೇ ಎಂದು ನೋಡುವುದೂ ಆ ನೋಟದಲ್ಲಿ ಸೇರಬೇಕಲ್ಲವೇ? ಬಜೆಯ ತುಂಡು, ಬೇವಿನ ಎಲೆ, ಓಲೆಗೆ ಸವರುವ ಮಜ್ಜಿಗೆ ಹುಲ್ಲಿನ ಎಣ್ಣೆ ಇವು ಹುಳುವನ್ನು ದೂರವಿಡಲು ಸಹಾಯಕವಾದರೂ ಒದ್ದೆ ಕೋಣೆಯಲ್ಲಿ ಯಾವುದೂ ನಿಲ್ಲುವುದಿಲ್ಲ.

ಕಾಲದ ವಿಚಾರ. ಶ್ವೇತಾಂಬರರಲ್ಲಿ ಜ್ಞಾನಪಂಚಮಿಯು ಕಾರ್ತಿಕ ಶುಕ್ಲದಲ್ಲಿ, ಮಳೆ ಕಳೆದ ಬಳಿಕ ಬರುತ್ತದೆ. ಭಂಡಾರಗಳನ್ನು ತೆರೆದು ಗ್ರಂಥಗಳಿಗೆ ಗಾಳಿ ತೋರಿಸುವ ಅಗತ್ಯಕ್ಕೂ ಆ ಪರ್ವಕ್ಕೂ ಸಂಬಂಧವಿದೆಯೆಂದು ವಿದ್ವಾಂಸರು ಹೇಳಿರುವುದು ಯುಕ್ತವಾಗಿದೆ. ಷಟ್ಖಂಡಾಗಮವು ಪೂರ್ಣವಾದ ದಿನವೆಂದು ನಾವು ಆಚರಿಸುವ ಶ್ರುತಪಂಚಮಿಯು ಜ್ಯೇಷ್ಠ ಶುಕ್ಲದಲ್ಲಿ, ಬಹುಮಟ್ಟಿಗೆ ಮುಂಗಾರಿನ ಹೊಸ್ತಿಲಲ್ಲಿ ಬರುತ್ತದೆ. ಅಂದು ಕಟ್ಟುಗಳನ್ನು ಬಿಚ್ಚಿ ಹೊಸ ವಸ್ತ್ರವನ್ನು ಹೊದಿಸುವುದು ರೂಢಿ. ಕರಾವಳಿಯಲ್ಲಿ ಆ ಹೊತ್ತಿಗೆ ಕೆಲವು ವರ್ಷ ಮಳೆ ಹಿಡಿದೇ ಬಿಟ್ಟಿರುತ್ತದೆ. ಬಿಚ್ಚುವ, ಒರೆಸುವ, ಗಾಳಿಗಿಡುವ ಕೆಲಸವನ್ನೆಲ್ಲ ಪುಷ್ಯ, ಮಾಘಗಳ ಒಣಗಾಳಿಯಲ್ಲಿ ಮಾಡಿ ಮುಗಿಸಿ, ಶ್ರುತಪಂಚಮಿಯಂದು ಪೂಜೆಯೊಡನೆ ಹೊಸ ವಸ್ತ್ರವನ್ನು ಕಟ್ಟಿ ಭದ್ರಪಡಿಸುವುದು ಲೇಸೆಂದು ನಾನು ಭಾವಿಸುತ್ತೇನೆ. ಇದರಿಂದ ಪರ್ವಕ್ಕೆ ಲೋಪವಿಲ್ಲ. ಮಳೆ ಬೀಳುತ್ತಿರುವಾಗ ಸಭೆಯ ಮುಂದೆ ಓಲೆಗಳನ್ನು ಹರಡುವುದು ಮಾತ್ರ ಬೇಡ.

ಗ್ರಂಥವು ಒದ್ದೆಯಾಗಿಯೇ ಬಿಟ್ಟರೆ? ಎರಡು ದಿನಗಳೊಳಗೆ ಬೂಷ್ಟು ಹಿಡಿಯತೊಡಗುವುದರಿಂದ ಅಷ್ಟರೊಳಗೆ ಕೈಹಾಕಬೇಕು. ಬಿಸಿಲಿಗೆ ಇಡಲೇಬಾರದು, ಓಲೆ ಸುರುಟಿ ಸೀಳುತ್ತದೆ. ದಾರವನ್ನು ಎಳೆಯದೆ ಕತ್ತರಿಸಿ ತೆಗೆದು, ಓಲೆಗಳನ್ನು ನೆರಳಿನಲ್ಲಿ ಹೀರುಕಾಗದದ ನಡುವೆ ಹಗುರವಾದ ಭಾರದಡಿಯಲ್ಲಿ ಇಟ್ಟು, ಕಾಗದವನ್ನು ಬದಲಿಸುತ್ತಿರಬೇಕು. ಕೋಣೆಯಲ್ಲಿ ಬೀಸಣಿಗೆ ತಿರುಗುತ್ತಿರಲಿ. ಕಂಟದಿಂದ ಕೊರೆದ ಅಕ್ಷರವು ನೀರಿಗೆ ಅಳಿಯುವುದಿಲ್ಲ, ಅದರಲ್ಲಿ ತುಂಬಿದ ಮಸಿ ಮಾತ್ರ ಹೋಗಬಹುದು. ಅದನ್ನು ಮತ್ತೆ ತುಂಬಬಹುದು. ಮಸಿಯಿಂದ ಬರೆದ ಓಲೆ ಮತ್ತು ಕಾಗದದ ಪ್ರತಿಗಳನ್ನು ಒರೆಸಲೇಬಾರದು. ಅಂಟಿಕೊಂಡ ಓಲೆಗಳ ನಡುವೆ ಚೂರಿಯನ್ನು ತೂರಿಸುವವರು ಅಕ್ಷರವನ್ನು ಸಿಪ್ಪೆಯಂತೆ ಸುಲಿಯುತ್ತಾರೆ. ಅದು ಬಲ್ಲವರ ಕೆಲಸ.

ನನ್ನ ಮಿತ್ರರ ಐವತ್ತೆರಡು ಕಟ್ಟುಗಳು ಈಗ ಮಹಡಿಯ ನಡುಕೋಣೆಯಲ್ಲಿ, ಹಲಸಿನ ಮರದ ಪೆಟ್ಟಿಗೆಗಳಲ್ಲಿವೆ. ದಂಬೆಯನ್ನು ಸರಿಪಡಿಸಿದ ಬಳಿಕ ನೆಲಮಾಳಿಗೆಯ ಪಶ್ಚಿಮದ ಗೋಡೆಯೂ ಒಣಗಿದೆ. ಅಲ್ಲಿ ತೆಂಗಿನಕಾಯಿಯನ್ನು ತುಂಬಿದ್ದಾರೆ. ಅಂಟಿಕೊಂಡಿದ್ದ ಹನ್ನೊಂದು ಓಲೆಗಳಲ್ಲಿ ಏಳನ್ನು ಸಂರಕ್ಷಣೆಯಲ್ಲಿ ನುರಿತವರೊಬ್ಬರು ನಾಲ್ಕು ತಿಂಗಳಲ್ಲಿ ಬಿಡಿಸಿಕೊಟ್ಟರು. ಎಲ್ಲವನ್ನೂ ಓದಿ ಪಾಠವನ್ನು ಗುರುತಿಸಿಕೊಂಡಿದ್ದೇನೆ. ಉಳಿದ ನಾಲ್ಕು, ಸಮಾಸಪ್ರಕರಣದ ನಡುವಿನವು, ಇನ್ನೂ ಒಂದಾಗಿಯೇ ಇವೆ. ಬಲವಂತ ಮಾಡುವುದು ಬೇಡವೆಂದು ಅವರೂ ನಾನೂ ನಿಶ್ಚಯಿಸಿ, ಬಿಳಿಯ ಬಟ್ಟೆಯಲ್ಲಿ ಸುತ್ತಿ, ಮೇಲೆ ತಾರೀಖನ್ನು ಬರೆದು, ಅದೇ ಪೆಟ್ಟಿಗೆಯಲ್ಲಿ ಬೇರೆಯಾಗಿ ಇರಿಸಿದ್ದೇವೆ.